ಬ್ಯಾಕಪ್ ಡ್ರೈವ್: ಎಷ್ಟು ಜಿಬಿ ಅಂತ ಮಾತ್ರ ನೋಡಿದರೆ ಸಾಲದು

1990ರ ದಶಕದ ನಡುಭಾಗದವರೆಗೂ ಮನೆ ಕಂಪ್ಯೂಟರಿನ ಬ್ಯಾಕಪ್ ಅಂದರೆ ಬಹುತೇಕ ಫ್ಲಾಪಿಗಳ ರಾಶಿ. ಒಂದರಲ್ಲಿ ಹಿಡಿಯುತ್ತಿದ್ದದ್ದು 1.44 ಎಂಬಿ. 500 ಎಂಬಿ ಹಾರ್ಡ್ ಡಿಸ್ಕನ್ನು ಪೂರ್ತಿ ಕಾಪಿ ಮಾಡಲು ಸುಮಾರು 350 ಫ್ಲಾಪಿ ಬೇಕು. ನಡುವೆ ಒಂದು ಕೆಟ್ಟರೂ ಕಷ್ಟ. ಯಾರಿಗಿರುತ್ತೆ ಅಷ್ಟು ತಾಳ್ಮೆ?

1995ರಲ್ಲಿ ಐಯೊಮೆಗಾ ಕಂಪನಿಯ ಜಿಪ್ ಡ್ರೈವ್ ಮಾರುಕಟ್ಟೆಗೆ ಬಂತು. ಒಂದೊಂದು ಡಿಸ್ಕಿನಲ್ಲೂ 100 ಎಂಬಿ. ಜನ ಮುಗಿಬಿದ್ದು ಕೊಂಡರು. ಆದರೆ ಕೆಲವು ಡ್ರೈವ್‌ಗಳು ಇದ್ದಕ್ಕಿದ್ದಂತೆ ಟಕ್ ಟಕ್ ಎನ್ನತೊಡಗಿದವು. ಒಳಗಿನ ಹೆಡ್ ಹಾಳಾಗಿ, ಡಿಸ್ಕನ್ನು ಓದಲಾಗದೆ ಹಿಂದೆ ಮುಂದೆ ಓಡಾಡುತ್ತಿದ್ದ ಸದ್ದು ಅದು. ಹೆಡ್ ಡಿಸ್ಕಿನ ಅಂಚನ್ನೇ ಹರಿದುಬಿಟ್ಟಿದ್ದರೆ ಇನ್ನೂ ಅಪಾಯ. ಆ ಡಿಸ್ಕನ್ನು ಪರೀಕ್ಷೆಗೆಂದು ಇನ್ನೊಂದು ಡ್ರೈವಿಗೆ ಹಾಕಿದರೆ, ಅದರ ಹೆಡ್ಡೂ ಹೋಗಬಹುದಿತ್ತು. 1998ರಲ್ಲಿ ಕಂಪನಿ ಮೇಲೆ ಕೇಸು ಬಿತ್ತು. ಅದು ಹಾಗಿರಲಿ, ಡಿಸ್ಕ್ ಚೆನ್ನಾಗಿದ್ದರೂ ಇನ್ನೊಂದು ತೊಡಕಿತ್ತು: ಅದನ್ನು ಓದಲು ಜಿಪ್ ಡ್ರೈವೇ ಬೇಕು. ಕಂಪನಿ ಆ ಡ್ರೈವ್ ಮಾಡುವುದನ್ನು ನಿಲ್ಲಿಸಿದರೆ ಡಿಸ್ಕಿಗೂ ದಿಕ್ಕಿಲ್ಲ.

ಸಿಡಿಗೆ ಆ ತೊಂದರೆ ಇರಲಿಲ್ಲ, ಬಹುತೇಕ ಎಲ್ಲ ಸಿಡಿ ಡ್ರೈವ್‌ಗಳಲ್ಲೂ ಓದಬಹುದಿತ್ತು. ಆದರೆ ಬಿಸಿಲು, ಸೆಕೆಗೆ ಬರೆಯುವ ಸಿಡಿಯಲ್ಲಿ ಮಾಹಿತಿ ಹಿಡಿದಿಡುವ ಬಣ್ಣದ ಪದರ ಕೆಡುತ್ತದೆ.

ಚಿತ್ರ ಬದಲಾಗಿದ್ದು ಯುಎಸ್‌ಬಿಯಿಂದ. 2000ದಲ್ಲಿ ಬಂದ ಮೊದಲ ಪೆನ್ ಡ್ರೈವ್‌ಗಳಲ್ಲಿ ಕೆಲವು ಬರೀ 8 ಎಂಬಿಯವು. ಅದೇ ವರ್ಷ ಯುಎಸ್‌ಬಿ 2.0 ಬಂದು, ವೇಗ ಸೆಕೆಂಡಿಗೆ 12 ಮೆಗಾಬಿಟ್‌ನಿಂದ 480ಕ್ಕೆ ಜಿಗಿಯಿತು. ಹೊರಗಿನಿಂದ ಚುಚ್ಚುವ ಹಾರ್ಡ್ ಡಿಸ್ಕ್ ನಿಜವಾಗಿ ಉಪಯೋಗಕ್ಕೆ ಬಂದದ್ದು ಆಮೇಲೆ. ಓದುವ ಯಂತ್ರವೂ ಮಾಹಿತಿಯೂ ಈಗ ಒಂದೇ ಡಬ್ಬಿಯಲ್ಲಿ. ಯಾವ ಕಂಪ್ಯೂಟರಿಗಾದರೂ ಹಾಕಬಹುದು, ಅದು ದೊಡ್ಡ ಅನುಕೂಲ. ಆದರೆ ಯಂತ್ರ ಕೆಟ್ಟರೆ ಒಳಗಿನ ಫೈಲುಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಈಚಿನ ಎಷ್ಟೋ ಚಿಕ್ಕ ಡ್ರೈವ್‌ಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ನೇರವಾಗಿ ಬೋರ್ಡಿಗೇ ಬೆಸೆದಿರುತ್ತಾರೆ. ಡಿಸ್ಕನ್ನು ಹೊರತೆಗೆದು ಬೇರೆ ಡಬ್ಬಿಗೆ ಹಾಕೋಣ ಅಂದರೂ ಆಗುವುದಿಲ್ಲ.

ಹಾಗಾಗಿ ಒಂದು ದುಬಾರಿ ಎಸ್‌ಎಸ್‌ಡಿಗಿಂತ (ತಿರುಗುವ ಡಿಸ್ಕಿಲ್ಲದೆ ಬರೀ ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್) ಎರಡು ಸಾಧಾರಣ ಹಾರ್ಡ್ ಡಿಸ್ಕ್ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಎಸ್‌ಎಸ್‌ಡಿ ವೇಗವಾಗಿದೆ ನಿಜ, ಕೆಳಗೆ ಬಿದ್ದರೂ ತಡೆಯುತ್ತದೆ. ಆದರೆ ಅದರಲ್ಲಿ ಮಾಹಿತಿ ಉಳಿಯುವುದು ವಿದ್ಯುತ್ ಚಾರ್ಜಿನ ರೂಪದಲ್ಲಿ. ಕರೆಂಟಿಲ್ಲದೆ ವರ್ಷಗಟ್ಟಲೆ ಸುಮ್ನೆ ಇಟ್ಟರೆ ಆ ಚಾರ್ಜ್ ಸೋರುತ್ತದೆ, ಸೆಕೆ ಇದ್ದರೆ ಇನ್ನೂ ಜಾಸ್ತಿ. ಪೆನ್ ಡ್ರೈವ್ ಕೂಡ ಇದೇ ಜಾತಿ. ಫೈಲು ಸಾಗಿಸಲು ಸರಿ, ಬ್ಯಾಕಪ್ಪಿಗೆ ಅದನ್ನೊಂದೇ ನಂಬಬೇಡಿ.

ಡ್ರೈವನ್ನು ಸದಾ ಕಂಪ್ಯೂಟರಿಗೆ ಚುಚ್ಚಿಯೇ ಇಡುವವರೂ ಇದ್ದಾರೆ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಒಳಹೊಕ್ಕರೆ ಆ ಡ್ರೈವಿಗೂ ಬೀಗ ಬೀಳುತ್ತದೆ, ಅಲ್ವಾ? ಬ್ಯಾಕಪ್ ಮುಗಿದ ಕೂಡಲೇ ಕಿತ್ತಿಡಿ. ಎರಡರಲ್ಲಿ ಒಂದು ಬೇರೆ ಜಾಗದಲ್ಲಿರಲಿ, ಆಗಾಗ ಅದಲು ಬದಲು ಮಾಡಿ. ಎರಡನ್ನೂ ಒಂದೇ ದಿನ, ಒಂದೇ ಮಾಡೆಲ್ ಕೊಳ್ಳದಿದ್ದರೆ ಇನ್ನೂ ಒಳ್ಳೆಯದು. ತಯಾರಿಕೆಯಲ್ಲೇ ದೋಷವಿದ್ದರೆ ಎರಡೂ ಒಟ್ಟಿಗೆ ಕೈಕೊಡಬಹುದು.