ಉಬುಂಟು ತೆಗೆದರೆ ಆ ಜಾಗ ಸಿ ಡ್ರೈವ್‌ಗೆ ಬರುತ್ತದಾ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಜೊತೆ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಕೂಡ ಇದೆ. ಪ್ರಾಜೆಕ್ಟ್ ಮುಗಿಯಿತು, ಈಗ ಅದು ಬೇಡ. ಅದಕ್ಕೆ ಕೊಟ್ಟ 100 ಜಿಬಿ ವಾಪಸ್ ಪಡೆಯೋದು ಹೇಗೆ? (ವಿದ್ಯಾರ್ಥಿ, ಗದಗ)

ಬರುತ್ತದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮುಖ್ಯ.

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡಿರುವ ನನ್ನ ಅಳಿಯ ನೇರವಾಗಿ ಉಬುಂಟುವಿನ ಪಾರ್ಟಿಷನ್ (ಡಿಸ್ಕ್‌ನಲ್ಲಿ ಅದಕ್ಕೆ ಬಿಟ್ಟ ಭಾಗ) ಅಳಿಸಿಬಿಟ್ಟಿದ್ದ. ಮರುದಿನ ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ 'ಗ್ರಬ್' ಅನ್ನೋ ಒಂದೇ ಪದ, ಪಕ್ಕದಲ್ಲಿ ಮಿಣುಕುವ ಗೆರೆ. "ಮಾಮಾ, ಎಲ್ಲಾ ಹೋತು" ಅಂತ ಫೋನ್ ಮಾಡಿದ. ಏನೂ ಹೋಗಿರಲಿಲ್ಲ. ಉಬುಂಟು ಹಾಕಿದ ಮೇಲೆ ಮೊದಲು ಏಳೋದು ಗ್ರಬ್, ಅಂದರೆ ಉಬುಂಟು ಬೇಕಾ ವಿಂಡೋಸ್ ಬೇಕಾ ಅಂತ ಕೇಳುವ ಪುಟ್ಟ ಪ್ರೋಗ್ರಾಂ. ಅದಕ್ಕೆ ಬೇಕಾದ ಫೈಲ್‌ಗಳು ಲಿನಕ್ಸ್ ಪಾರ್ಟಿಷನ್‌ನಲ್ಲೇ ಇರುತ್ತವೆ. ಅದನ್ನು ಅಳಿಸಿದರೆ ಗ್ರಬ್‌ಗೆ ಮುಂದಿನ ದಾರಿ ಗೊತ್ತಾಗೋದಿಲ್ಲ. ಬಯಾಸ್‌ಗೆ (ಲ್ಯಾಪ್‌ಟಾಪ್ ಆನ್ ಆಗುವಾಗಲೇ ತೆರೆಯುವ ಸೆಟ್ಟಿಂಗ್ಸ್‌ಗೆ) ಹೋಗಿ, ಬೂಟ್ ಕ್ರಮದ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಅನ್ನು ಮೇಲಕ್ಕೆ ತಂದ ಕೂಡಲೇ ವಿಂಡೋಸ್ ಎದ್ದು ಬಂತು.

ನೀವು ಪಾರ್ಟಿಷನ್ ಅಳಿಸುವ ಮೊದಲೇ ಈ ಬೂಟ್ ಕ್ರಮ ಬದಲಿಸುವ ಕೆಲಸ ಮಾಡಿ. ಅದಕ್ಕೂ ಮುಂಚೆ ಉಬುಂಟುವಿನಲ್ಲಿರುವ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಉಬುಂಟುವಿನ ಪಾರ್ಟಿಷನ್ ಸಾಮಾನ್ಯವಾಗಿ ವಿಂಡೋಸ್‌ನಲ್ಲಿ ಓದೋಕೆ ಬರೋದಿಲ್ಲ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ 48 ಅಂಕಿಯ ಕೀ ಬರೆದಿಟ್ಟುಕೊಳ್ಳಿ. ಬೂಟ್ ಕ್ರಮ ಬದಲಾದಾಗ ಕೇಳಿದರೂ ಕೇಳಬಹುದು.

ಆಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಲಿನಕ್ಸ್ ಪಾರ್ಟಿಷನ್‌ಗೆ ಡ್ರೈವ್ ಅಕ್ಷರ ಇರೋದಿಲ್ಲ. ಗಾತ್ರ ನೋಡಿ ಗುರುತಿಸಿ, ಅದನ್ನು ಮಾತ್ರ ಡಿಲೀಟ್ ಮಾಡಿ. 'ಇಎಫ್‌ಐ' ಮತ್ತು 'ರಿಕವರಿ' ಎಂದು ಬರೆದ ಸಣ್ಣ ಪಾರ್ಟಿಷನ್‌ಗಳಿಗೂ ಅಕ್ಷರ ಇರೋದಿಲ್ಲ. ದಯವಿಟ್ಟು ಅವನ್ನು ಮುಟ್ಟಬೇಡಿ.

ಈಗ ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ 'ಎಕ್ಸ್‌ಟೆಂಡ್ ವಾಲ್ಯೂಮ್' ಒತ್ತಿ. ಜಾಸ್ತಿ ಜನ ಸಿಕ್ಕಿಬೀಳೋದು ಇಲ್ಲೇ: ಆ ಆಯ್ಕೆ ಮಸುಕಾಗಿರುತ್ತದೆ. ನಮ್ಮ ಕಡೆ ಎರಿ ಹೊಲ ಇರುವವರಿಗೆ ಇದು ತಕ್ಷಣ ತಿಳಿಯುತ್ತದೆ. ಪಕ್ಕದ ಹೊಲ ಕೊಂಡರೆ ಬದು ಒಡೆದು ಒಂದೇ ಮಾಡಬಹುದು. ನಡುವೆ ಬೇರೆಯವರ ಪಟ್ಟಿ ಇದ್ದರೆ ಆಗೋದಿಲ್ಲ, ಅಲ್ವಾ? ಹಾಗೆಯೇ ಖಾಲಿ ಜಾಗ ಸಿ ಡ್ರೈವ್‌ನ ಬಲಕ್ಕೆ ಒತ್ತಿಕೊಂಡೇ ಇರಬೇಕು. ನಡುವೆ ರಿಕವರಿ ಪಾರ್ಟಿಷನ್ ಕೂತಿದ್ದರೆ ಅದನ್ನು ಸರಿಸುವ ಸಾಹಸ ಬೇಡ. ಖಾಲಿ ಜಾಗದ ಮೇಲೆ 'ನ್ಯೂ ಸಿಂಪಲ್ ವಾಲ್ಯೂಮ್' ಒತ್ತಿ ಬೇರೆ ಡ್ರೈವ್ ಮಾಡಿ, ಫೋಟೋ, ವಿಡಿಯೋಗಳನ್ನು ಅಲ್ಲಿಗೆ ಸಾಗಿಸಿ. ಸಿ ಡ್ರೈವ್ ತಾನಾಗಿ ಹಗುರಾಗುತ್ತದೆ.

ಬಯಾಸ್ ಪಟ್ಟಿಯಲ್ಲಿ 'ಉಬುಂಟು' ಹೆಸರು ಇನ್ನೂ ಕಾಣಬಹುದು. ಅದು ಹಿಡಿಯೋದು ಕೆಲವೇ ಎಂಬಿ. ಸುಮ್ನೆ ಇದ್ದರೂ ತೊಂದರೆ ಇಲ್ಲ.