ರೊಟ್ಟಿ ಲೆಕ್ಕ, ಉದ್ರಿ ಲೆಕ್ಕ

ಬಾಗಲಕೋಟೆಯಲ್ಲಿ ಬಿಬಿಎ ಕೊನೆಯ ವರ್ಷದ ಮಕ್ಕಳಿಗೆ ನಾನು ಉದ್ಯಮಶೀಲತೆ ಪಾಠ ಮಾಡುತ್ತೇನೆ. ಪ್ರತಿ ವರ್ಷ ಮೊದಲ ದಿನ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಸರ್, ಒಂದ್ ಚೊಲೊ ಐಡಿಯಾ ಇದ್ರ ಹೇಳ್ರಿ."

ಐಡಿಯಾ ಸಿಕ್ಕಿತೆಂದರೆ ಉಳಿದದ್ದು ತಾನಾಗಿಯೇ ಆಗುತ್ತದೆ ಎಂಬ ನಂಬಿಕೆ. ಮಕ್ಕಳನ್ನು ಬಯ್ದು ಪ್ರಯೋಜನವಿಲ್ಲ. ಫೋನಿನಲ್ಲಿ ಅವರು ನೋಡುವ ಸ್ಟಾರ್ಟಪ್ ಕತೆಗಳೆಲ್ಲ ಐಡಿಯಾದಿಂದ ಶುರುವಾಗಿ ಕೋಟಿಯಲ್ಲಿ ಮುಗಿಯುತ್ತವೆ. ನಡುವಿನ ಏಳೆಂಟು ವರ್ಷ ಎರಡು ನಿಮಿಷದಲ್ಲಿ ಹಾರಿಹೋಗುತ್ತದೆ.

ನಾನು ಐಡಿಯಾ ಹೇಳುವುದಿಲ್ಲ, ಒಂದು ಕೆಲಸ ಹಚ್ಚುತ್ತೇನೆ. ನಿಮ್ಮ ಓಣಿಯ ಅಂಗಡಿಗೆ ಹೋಗಿ, ಉದ್ರಿ ಪುಸ್ತಕ ನೋಡಿಕೊಂಡು ಬನ್ನಿ. ಯಾರ ಹೆಸರೂ ಬೇಡ. ಎಷ್ಟು ರೊಕ್ಕ ನಿಂತಿದೆ, ಎಷ್ಟು ದಿನದಿಂದ ನಿಂತಿದೆ, ಅಷ್ಟು ಸಾಕು.

ಅರ್ಧ ಮಂದಿಗೆ ಅಂಗಡಿಯವರು ಪುಸ್ತಕ ತೋರಿಸುವುದೇ ಇಲ್ಲ. ಉಳಿದವರು ಬಂದು ಹೇಳುವುದನ್ನು ಕೇಳಬೇಕು. ಕೌಂಟರಿನ ಮೇಲೆ ಯುಪಿಐ ಡಬ್ಬಿ ದಿನವಿಡೀ ಕೂಗುತ್ತಿರುತ್ತದೆ, ಅದರ ಕೆಳಗಿನ ಡ್ರಾದಲ್ಲಿ ಉದ್ರಿ ಪುಸ್ತಕ ಮೊದಲಿನಷ್ಟೇ ದಪ್ಪ ಇರುತ್ತದೆ! ಒಮ್ಮೆ ಮುಧೋಳ ಕಡೆಯ ಹುಡುಗನೊಬ್ಬ ಅಂಗಡಿಗೆ ಹೋಗದೆ ಅಪ್ಪನ ಕಬ್ಬಿನ ತೂಕದ ಚೀಟಿ ತಂದ. "ಸರ್, ನಮ್ಮನ್ಯಾಗ ನಾವ ಉದ್ರಿ ಕೊಟ್ಟೀವಿ. ಫ್ಯಾಕ್ಟರಿಗೆ" ಅಂದ. ಕ್ಲಾಸು ನಕ್ಕಿತು. ನನಗೆ ಮಾತ್ರ ಆ ವರ್ಷದ ಪಾಠ ಅರ್ಧ ಮುಗಿದಂತಾಯಿತು. ಕಬ್ಬು ಕೊಟ್ಟ 14 ದಿನದೊಳಗೆ ಫ್ಯಾಕ್ಟರಿ ರೊಕ್ಕ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆ ಬಡ್ಡಿ ಮನೆಗೆ ಬಂದದ್ದು ನೋಡಿದ್ದೀರಾ ಅಂತ ಕೇಳಿದೆ. ಒಂದು ಕೈಯೂ ಮೇಲೆ ಹೋಗಲಿಲ್ಲ.

ಮಾರಿದ್ದರ ರೊಕ್ಕ ಕೈಗೆ ಬರುವವರೆಗೆ ವ್ಯಾಪಾರ ನಡೆಸಲು ಬೇಕಾಗುವ ಹಣಕ್ಕೆ ಪುಸ್ತಕದಲ್ಲಿ ದುಡಿಯುವ ಬಂಡವಾಳ ಅನ್ನುತ್ತಾರೆ. ಆ ಅಧ್ಯಾಯ ಕೊನೆಗೆ ಬರುತ್ತದೆ, ಅಷ್ಟರಲ್ಲಿ ಪರೀಕ್ಷೆ ಹತ್ತಿರ ಬಂದಿರುತ್ತದೆ. ನಾನು ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಒಂದು ಲೆಕ್ಕ ಪೂರ್ತಿ ಹೇಳುತ್ತೇನೆ. ಗುಳೇದಗುಡ್ಡದಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿ. ಮನೆಯಲ್ಲಿ ಅವ್ವ ಮತ್ತು ಚಿಕ್ಕವ್ವ ಸೇರಿ ಖಡಕ್ ರೊಟ್ಟಿ ಬಡಿದು ಮಾರುತ್ತಾರೆ. ಕೋರ್ಸಿನ ಪ್ರಾಜೆಕ್ಟಿಗೆ ಅದನ್ನೇ ತೆಗೆದುಕೊಂಡಳು. ಮೊದಲ ದಿನ ತಂದ ಲೆಕ್ಕ ಹೀಗಿತ್ತು. 100 ರೊಟ್ಟಿಗೆ 5 ಕಿಲೋ ಜೋಳ, 250 ರೂಪಾಯಿ. ಗಿರಣಿಗೆ 25. ಗ್ಯಾಸಿಗೆ 60. ಕವರಿಗೆ 15. ಒಟ್ಟು 350. ಒಂದಕ್ಕೆ 6 ರೂಪಾಯಿಯಂತೆ ಮಾರಿದರೆ 600.

"ನೂರಕ್ಕ 250 ಲಾಭ ಐತ್ರಿ ಸರ್."

"ಬಡಿಯೋರು ಯಾರವಾ?"

"ಅವ್ವ, ಚಿಕ್ಕವ್ವ."

"ಎಷ್ಟ್ ಹೊತ್ತು?"

ಅವಳು ಸ್ವಲ್ಪ ಯೋಚನೆ ಮಾಡಿದಳು. ನಸುಕಿನಲ್ಲಿ ಐದಕ್ಕೆ ಕುಂತರೆ ಒಂಬತ್ತಕ್ಕೆ ಮುಗಿಯುತ್ತದಂತೆ. ಇಬ್ಬರದೂ ಸೇರಿ ಎಂಟು ತಾಸು. 250ನ್ನು ಎಂಟರಿಂದ ಭಾಗಿಸಿದರೆ ತಾಸಿಗೆ 31 ರೂಪಾಯಿ ಚಿಲ್ಲರೆ. ಅವಳು ಲಾಭ ಅಂದುಕೊಂಡದ್ದು ಲಾಭವಲ್ಲ, ಇಬ್ಬರು ಹೆಂಗಸರ ಕೂಲಿ. ಅದೂ ಕಡಿಮೆ ಕೂಲಿ. ಅವಳಿಗೆ ಒಂಥರಾ ಆಯಿತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಮ್ಮ ಕಡೆಯ ಎಷ್ಟೋ ಮನೆ ವ್ಯಾಪಾರಗಳು ನಿಂತಿರುವುದೇ ಹೀಗೆ, ಯಾರೂ ಲೆಕ್ಕಕ್ಕೆ ಹಿಡಿಯದ ಹೆಂಗಸರ ದುಡಿಮೆಯ ಮೇಲೆ.

ಆಮೇಲೆ ಮುಖ್ಯವಾದ ಪ್ರಶ್ನೆ. ರೊಕ್ಕ ಯಾವಾಗ ಬರುತ್ತದೆ? ದಿನಾ 100 ರೊಟ್ಟಿ ಒಂದು ಖಾನಾವಳಿಗೆ ಹೋಗುತ್ತದೆ. ಅವರು ತಿಂಗಳಿಗೊಮ್ಮೆ ಲೆಕ್ಕ ಮುಗಿಸುತ್ತಾರೆ. ಅಂದರೆ ಮೊದಲ ರೂಪಾಯಿ ಕೈಗೆ ಬರುವ ಹೊತ್ತಿಗೆ ಇವರ ಕೈಯಿಂದ 30 ದಿನದ ಖರ್ಚು ಹೋಗಿರುತ್ತದೆ. ದಿನಕ್ಕೆ 350ರಂತೆ 10,500. ಅವ್ವ ಅದನ್ನು ಸ್ವಸಹಾಯ ಸಂಘದಿಂದ ತಂದಿದ್ದರು.

ಹುಡುಗಿಯ ಪ್ಲಾನ್ ಏನು ಗೊತ್ತಾ? ಇನ್ನೊಂದು ಖಾನಾವಳಿ ಹಿಡಿದು ವ್ಯಾಪಾರ ಡಬಲ್ ಮಾಡುವುದು. ಮಾಡಬಹುದು. ಆಗ 21,000 ಬೇಕು. ವ್ಯಾಪಾರ ಬೆಳೆದರೆ ರೊಕ್ಕ ಬರುತ್ತದೆ ಅಂತ ನಾವೆಲ್ಲ ತಿಳಿದಿರುತ್ತೇವೆ. ಉದ್ರಿಯ ವ್ಯಾಪಾರದಲ್ಲಿ ಬೆಳೆದಷ್ಟೂ ಮೊದಲು ರೊಕ್ಕ ಹೋಗುತ್ತದೆ.

"ತಿಂಗಳಿನ ಬದಲಿ ವಾರಕ್ಕೊಮ್ಮೆ ಕೊಟ್ರ?" ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಬೋರ್ಡಿನ ಮೇಲೆ ಹಾಕಿ ನೋಡಿದೆವು. ಏಳು ದಿನದ ಖರ್ಚು 2,450. ಸಿಕ್ಕಿಬಿದ್ದ ರೊಕ್ಕ ಕಾಲು ಭಾಗಕ್ಕಿಂತ ಕಡಿಮೆಗೆ ಇಳಿಯಿತು. ಅದೇ ರೊಟ್ಟಿ, ಅದೇ ಗಿರಾಕಿ, ಅದೇ ಕೈ. ಬದಲಾದದ್ದು ರೊಕ್ಕ ಬರುವ ದಿನ ಮಾತ್ರ.

ಖಾನಾವಳಿಯವರು ಸುಮ್ನೆ ಒಪ್ಪುತ್ತಾರಾ? ರೊಟ್ಟಿಗೆ 25 ಪೈಸೆ ಕಡಿಮೆ ಮಾಡುತ್ತೇನೆ ಅಂದಳು ಹುಡುಗಿ. ನಾನೂ ತಲೆಯಾಡಿಸಿಬಿಟ್ಟಿದ್ದೆ. ಆದರೆ ಲೆಕ್ಕದಲ್ಲಿ ಚುರುಕಾದ ಇನ್ನೊಬ್ಬ ಹುಡುಗ ಬಿಡಲಿಲ್ಲ. ತಿಂಗಳಿಗೆ 3,000 ರೊಟ್ಟಿ, 25 ಪೈಸೆಯಂತೆ 750 ರೂಪಾಯಿ. ಬಿಡುಗಡೆಯಾಗುವ ರೊಕ್ಕ 8,050. "ನೂರಕ್ಕ ಒಂಬತ್ತ್ ರೂಪಾಯಿ ತಿಂಗಳ ಬಡ್ಡಿ ಬಿತ್ತಲ್ರಿ ಸರ್. ಇದಕ್ಕಿಂತ ಸಂಘದ ಸಾಲನ ಚೊಲೊ." ಅವನು ಹೇಳಿದ್ದು ಸರಿ. ಅವಸರದಲ್ಲಿ ಕೊಡುವ ಡಿಸ್ಕೌಂಟ್ ಬಡ್ಡಿಯೇ, ಹೆಸರು ಮಾತ್ರ ಬೇರೆ. ನಾನು ಅದನ್ನು ಆ ದಿನ ನೋಡಿರಲಿಲ್ಲ ಅಂತ ಒಪ್ಪಿಕೊಳ್ಳಲೇಬೇಕಾಯಿತು.

ಕೊನೆಗೆ ಹುಡುಗಿ ಖಾನಾವಳಿಗೆ ಹೋಗಿ ಒಂದು ಮಧ್ಯಾಹ್ನ ಕುಂತಳು. ಯಜಮಾನರ ತಲೆನೋವು ರೇಟ್ ಅಲ್ಲ, ಒಡೆದ ರೊಟ್ಟಿ. ಬಸ್ಸಿನಲ್ಲಿ ಬಂದ ಕಟ್ಟಿನಲ್ಲಿ ದಿನಾ ಮೂರೋ ನಾಲ್ಕೋ ಚೂರಾಗಿರುತ್ತವೆ, ಅವನ್ನು ತಾಟಿಗೆ ಹಾಕಿದರೆ ಊಟಕ್ಕೆ ಬಂದವರು ಸುಮ್ನಿರುವುದಿಲ್ಲ. ಇವಳು ಹೇಳಿದಳು, ಒಡೆದದ್ದನ್ನೆಲ್ಲ ವಾಪಸ್ ತೊಗೊಂಡು ಬದಲಿ ಕೊಡ್ತೀವಿ, ನೀವು ಸೋಮವಾರಕ್ಕೊಮ್ಮೆ ಲೆಕ್ಕ ಮುಗಿಸ್ರಿ. ಅವರು ಒಪ್ಪಿದರು. ಮನೆಗೆ ಹೋಗಿ ಅವ್ವ ಮಾಡಿದ ಕೆಲಸ ಇನ್ನೂ ಚಂದ. ಕವರಿನೊಳಗೆ ಎರಡು ಕಡೆ ದುಂಡಗೆ ಕತ್ತರಿಸಿದ ರಟ್ಟು ಇಟ್ಟು ಕಟ್ಟಿದರು. ಒಡೆಯುವುದೇ ಕಡಿಮೆಯಾಯಿತು.

ನಾವೀನ್ಯತೆ ಅಂತ ಸಿಲೆಬಸ್ಸಿನಲ್ಲಿ ದೊಡ್ಡ ಶಬ್ದ ಇದೆ. ನನ್ನ ಮಟ್ಟಿಗೆ ಆ ರಟ್ಟಿನ ತುಂಡು ಮತ್ತು ಆ ಸೋಮವಾರ, ಎರಡೂ ಅದೇ.

ಈ ವಿಷಯ ನನಗೆ ಇಷ್ಟು ಹತ್ತಿರವಾಗಲು ಕಾರಣ ಇದೆ. ಪಾಠಕ್ಕೆ ಬರುವ ಮೊದಲು ನಾನೂ ಒಂದು ಘಟಕ ಹಾಕಿದ್ದೆ. ನೋಟ್‌ಬುಕ್ ಮಾಡುವುದು. ಗೆರೆ ಹಾಕುವ, ಪಿನ್ ಹೊಡೆಯುವ, ಅಂಚು ಕತ್ತರಿಸುವ ಮಷಿನ್ನುಗಳು. ಮಾಲು ಚೊಲೊ ಇತ್ತು, ಇವತ್ತಿಗೂ ಹೇಳುತ್ತೇನೆ. ಕಾಗದದ ವ್ಯಾಪಾರಿಗೆ ಮುಂಗಡ ರೊಕ್ಕ ಕೊಡಬೇಕಿತ್ತು. ಶಾಲೆಗಳು ಕೊಡುವುದು ಮಾತ್ರ ನಿಧಾನ. ಒಂದು ಸಂಸ್ಥೆ ಜೂನ್‌ನಲ್ಲಿ 2.80 ಲಕ್ಷದ ನೋಟ್‌ಬುಕ್ ತೆಗೆದುಕೊಂಡು ಬಾಕಿ ಮುಗಿಸಿದ್ದು ಮುಂದಿನ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಆ ವರ್ಷದ ಲಾಭದ ಬಹುಪಾಲನ್ನು ಬಡ್ಡಿ ತಿಂದಿತ್ತು. ಆಡಿಟರ್ ತಂದ ಹಾಳೆಯಲ್ಲಿ ಮಾತ್ರ ನಾನು ಲಾಭದಲ್ಲಿದ್ದೆ! ಎರಡನೇ ವರ್ಷ ಮಷಿನ್ ಮಾರಿದೆ. ಎಂಕಾಂ ಓದಿದವನು ನಾನು. ದುಡಿಯುವ ಬಂಡವಾಳದ ಸೂತ್ರ ಬಾಯಿಪಾಠ ಇತ್ತು. ಆ ಸಂಸ್ಥೆಯ ಕ್ಲರ್ಕ್ ಮುಂದೆ "ಬಿಲ್ ಯಾವಾಗ್ರಿ?" ಅಂತ ಕೇಳಲು ನಾಚಿಕೆ ಇತ್ತು.

ಕೋರ್ಸ್ ಬಗ್ಗೆ ಪಾಲಕರು ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಬಂದಿದ್ದೇವೆ. ಅದೇ ವರ್ಷ ಬಿಬಿಎ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇ ಕೆಳಗೂ ಬಂತು. ಕಾಲೇಜು ಆರಿಸುವಾಗ ಕಟ್ಟಡಕ್ಕಿಂತ, ಕೊನೆಯ ವರ್ಷದ ಮಕ್ಕಳು ಬರೆದ ಪ್ರಾಜೆಕ್ಟ್ ರಿಪೋರ್ಟ್ ಎರಡು ಕೇಳಿ ನೋಡಿ. ಝೆರಾಕ್ಸ್ ಅಂಗಡಿಯ ರೆಡಿಮೇಡ್ ರಿಪೋರ್ಟ್ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಬಾಗಲಕೋಟೆಯ ಅಂಗಡಿಯ ಬಗ್ಗೆ ಬರೆದದ್ದರಲ್ಲಿ ಮುಂಬೈ ಗ್ರಾಹಕರ ಸರ್ವೆ ಇರುತ್ತದೆ.

ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್ ಅಂತ ಒಂಬತ್ತು ಖಾನೆಗಳ ಹಾಳೆಯೊಂದನ್ನು ಎಲ್ಲ ಕಡೆ ಕಲಿಸುತ್ತಾರೆ. ಕೆಟ್ಟದ್ದೇನಲ್ಲ. ಅದರಲ್ಲಿ ರೊಕ್ಕ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಖಾನೆ ಇದೆ, ಯಾವಾಗ ಬರುತ್ತದೆ ಎಂಬುದಕ್ಕೆ ಇಲ್ಲ. ನಾನು ಪೆನ್ನಿನಲ್ಲಿ ಹತ್ತನೆಯದನ್ನು ಗೀಚಿಸುತ್ತೇನೆ.

ಅರ್ಥಶಾಸ್ತ್ರಜ್ಞ ಶುಂಪೀಟರ್ ಹೊಸತನವನ್ನು ಐದು ಬಗೆ ಮಾಡಿದ. ಹೊಸ ಮಾಲು, ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾಮಾಲಿನ ಹೊಸ ಮೂಲ, ಉದ್ದಿಮೆಯ ಹೊಸ ಸಂಘಟನೆ. ಇದನ್ನು ಕಲಿಸಲು ನಾನು ದೂರ ಹೋಗುವುದಿಲ್ಲ. ಗುಳೇದಗುಡ್ಡದ ಖಣ ಮೊದಲಿಂದ ಕುಪ್ಪಸದ ಬಟ್ಟೆ. ಈಗ ಅದೇ ಬಟ್ಟೆಯಲ್ಲಿ ಬ್ಯಾಗು, ಡೈರಿ ಹೊದಿಕೆ, ಮಕ್ಕಳ ಫ್ರಾಕು ಬರುತ್ತಿವೆ. ಕಣ್ಣಿಗೆ ಕಾಣುವುದು ಹೊಸ ಮಾಲು. ನನಗೆ ಜಾಸ್ತಿ ಹಿಡಿಸುವುದು ಇನ್ನೊಂದು. ಆನ್‌ಲೈನಿನಲ್ಲಿ ಬ್ಯಾಗು ಕೊಳ್ಳುವವಳು ಮೊದಲು ರೊಕ್ಕ ಹಾಕುತ್ತಾಳೆ, ಆಮೇಲೆ ಪಾರ್ಸೆಲ್ ಹೋಗುತ್ತದೆ. ಅಂಗಡಿಗೆ ಖಣ ಕೊಟ್ಟರೆ ಹಬ್ಬ ಮುಗಿಯುವವರೆಗೆ ಕಾಯಬೇಕು. ಎಷ್ಟೋ ನೇಕಾರರು ಮಾಲೀಕರಿಂದ ನೂಲು ಪಡೆದು ಕೂಲಿಗೆ ನೇಯುವುದೂ ಇದಕ್ಕೇ. ಮಗ್ಗ, ಕಸುಬು ಎರಡೂ ಇವರದೇ. ಬಟ್ಟೆ ಮಾರಿ ರೊಕ್ಕ ಬರುವವರೆಗೆ ಕಾಯುವ ತಾಕತ್ತು ಮಾತ್ರ ಮಾಲೀಕರದು, ಹಾಗಾಗಿ ಲಾಭವೂ ಅವರದು. ವಿಜಯಪುರ ಕಡೆ ಒಣದ್ರಾಕ್ಷಿ ಮಾಡುವವರಿಗೂ ಇದು ಗೊತ್ತು. ಕೋಲ್ಡ್ ಸ್ಟೋರೇಜಿನಲ್ಲಿಟ್ಟು ರೇಟಿಗಾಗಿ ಕಾಯಬಲ್ಲವರು ಬೇರೆ, ಸಾಲದವರು ಬಾಗಿಲಲ್ಲಿ ನಿಂತಾಗ ಮಾರುವವರು ಬೇರೆ.

ಹೊಸ ಮಾಲಿನದ್ದೂ ಸುಲಭದ ಕತೆಯಲ್ಲ. ಕಿರ್ಲೋಸ್ಕರ್ ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಟ್ಟಿಗೆಯ ನೇಗಿಲು ಹಿಡಿದ ರೈತರು ಕಬ್ಬಿಣದ್ದನ್ನು ಬೇಗ ನಂಬಲಿಲ್ಲ. ಮಾಡಿಟ್ಟ ಮಾಲು ಮಾರಾಟವಾಗದೆ ನಿಂತರೆ ಅದೂ ಉದ್ರಿಯಂತೆಯೇ, ಕೇಳಲು ಎದುರಿಗೆ ಸಾಲಗಾರ ಕೂಡ ಇರುವುದಿಲ್ಲ. 1910ರಲ್ಲಿ ಈಗಿನ ಮಹಾರಾಷ್ಟ್ರದ ಔಂಧ್ ಸಂಸ್ಥಾನದಲ್ಲಿ ಜಾಗ ಸಿಕ್ಕು ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಶುರುವಾಗುವ ಹೊತ್ತಿಗೆ ಸೈಕಲ್ ಅಂಗಡಿಯಿಂದ 22 ವರ್ಷ ಕಳೆದಿತ್ತು. ಮಕ್ಕಳಿಗೆ ಆ 22 ಎಂಬ ಸಂಖ್ಯೆ ಬರೆದುಕೊಳ್ಳಲು ಹೇಳುತ್ತೇನೆ.

ಸರ್ಕಾರದ ಸಹಾಯ ಇಲ್ಲವೇ? ಇದೆ. ಸಣ್ಣ ಉದ್ಯಮಗಳಿಗಾಗಿ ಬಂದ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಸರ್ಕಾರದ ಉದ್ಯಮ್ ನೋಂದಣಿ ಇರುವ ಕಿರು ಅಥವಾ ಸಣ್ಣ ತಯಾರಕರಿಂದ ಮಾಲು ಕೊಂಡವರು ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ರೊಕ್ಕ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರನ್ನು ಆನ್‌ಲೈನಿನಲ್ಲೇ ಕೊಡಬಹುದು. ನೋಂದಣಿ ಪುಕ್ಕಟೆ, ಮಾಡಿಸಿಕೊಳ್ಳಿ. ಆದರೆ ದೂರು ಕೊಟ್ಟ ಮರುದಿನ ಆ ಗಿರಾಕಿ ಇರುವುದಿಲ್ಲ ಎಂಬುದೂ ನಿಜ. ಹಾಗಾಗಿ ನಾನು ಮಕ್ಕಳಿಗೆ ಹೇಳುವುದು ಇಷ್ಟೇ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಮತ್ತು ರೊಕ್ಕ ಕೊಡಬೇಕಾದ ತಾರೀಖು ಅಚ್ಚು ಹಾಕಿಸಿ. ಕೇಳಲು ನಾಚಿಕೆಯಾಗುವವರ ಪರವಾಗಿ ಬಿಲ್ಲೇ ಕೇಳುತ್ತದೆ.

ಸಾಲದ ವಿಷಯದಲ್ಲೂ ಒಂದು ಎಚ್ಚರ. ಸಣ್ಣ ಘಟಕ ಹಾಕಲು ಸಬ್ಸಿಡಿ ಕೊಡುವ ಪಿಎಂಇಜಿಪಿಯಂಥ ಯೋಜನೆ ಹಿಡಿದು ಬಂದವರ ಮಾತೆಲ್ಲ ಮಷಿನ್ ಮತ್ತು ಸಬ್ಸಿಡಿ ಮೇಲೆ ಇರುತ್ತದೆ. ಮಷಿನ್ ಬಂದ ಮೇಲೆ ಓಡಿಸಲು ರೊಕ್ಕ ಬೇಕಲ್ವಾ? ಸಣ್ಣ ಘಟಕಗಳಿಗೆ ಬ್ಯಾಂಕುಗಳು ನಾಯಕ್ ಸಮಿತಿಯ ಸೂತ್ರ ಹಚ್ಚುತ್ತವೆ. ವರ್ಷದ ಅಂದಾಜು ಮಾರಾಟದ ಶೇಕಡಾ 25 ದುಡಿಯುವ ಬಂಡವಾಳ ಬೇಕು ಅಂತ ಹಿಡಿದು, ಅದರಲ್ಲಿ 20 ಬ್ಯಾಂಕು, 5 ನೀವು. ಈ 25ರ ಅರ್ಥ ರೊಕ್ಕ ಮೂರು ತಿಂಗಳಿಗೊಮ್ಮೆ ಒಂದು ಸುತ್ತು ತಿರುಗುತ್ತದೆ ಅಂತ. ನನ್ನ ನೋಟ್‌ಬುಕ್ಕಿನ ರೊಕ್ಕ ತಿರುಗಿದ್ದು ಒಂಬತ್ತು ತಿಂಗಳಿಗೆ.

ರೊಟ್ಟಿಯ ಹುಡುಗಿ ಈಗ ಕೊನೆಯ ಸೆಮಿಸ್ಟರ್. ಬನಶಂಕರಿ ಜಾತ್ರೆಗೆ ಮೊದಲು ಒಂದು ದಿನ ಸ್ಟಾಫ್ ರೂಮಿಗೆ ಬಂದಳು. ಜಾತ್ರೆಯಲ್ಲಿ ಊಟದ ಅಂಗಡಿ ಹಾಕುವವರೊಬ್ಬರು 2,000 ರೊಟ್ಟಿ ಹೇಳಿದ್ದರು. ರೊಕ್ಕ ಜಾತ್ರೆ ಮುಗಿದ ಮೇಲೆ ಅಂದಿದ್ದರಂತೆ.

"ಅರ್ಧ ಮುಂಗಡ ಕೇಳೋದೋ, ಪೂರಾ ಖರ್ಚು ಕೇಳೋದೋ, ಯಾವ್ದ್ ಛಲೋರಿ ಸರ್?"

ಕುಂತು ಲೆಕ್ಕ ಹಾಕಿದೆವು. ಖರ್ಚು 7,000, ಅರ್ಧ ಮುಂಗಡ ಅಂದರೆ 6,000. ಎರಡೂ ಮೊತ್ತ ಹಾಕಿ, ಎರಡು ಥರ ಮಾತಾಡುವುದನ್ನು ಬರೆದುಕೊಂಡಳು. ಮರುದಿನ ಬಂದು ಹೇಳಿದಳು, ಅವಳು ಮನೆ ಮುಟ್ಟುವಷ್ಟರಲ್ಲಿ ಅವ್ವ 8,000 ಇಸಿದುಕೊಂಡು ಜೋಳ ಹಾಕಿಸಿಯಾಗಿತ್ತಂತೆ.