ಯೋನ, ನಹೂಮ: ಒಂದೇ ವಚನದ ಎರಡು ಓದು

ಜೂನ್, ಜುಲೈ ಎರಡು ತಿಂಗಳು ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿಕೊಂಡಿರುತ್ತವೆ. ನಮ್ಮ ಸತ್ಯವೇದ ಓದುವ ಗುಂಪಿಗೆ ಜನ ಜಾಸ್ತಿ ಬರುವುದೂ ಆಗಲೇ. ಈ ಸಲ ಯೋನನನ್ನು ಹಿಡಿದೆವು: ನಿನೆವೆ ಪಟ್ಟಣಕ್ಕೆ ಹೋಗಿ ಎಚ್ಚರಿಸು ಎಂದು ದೇವರು ಕಳಿಸಿದರೆ ಹಡಗು ಹತ್ತಿ ಬೇರೆ ಕಡೆ ಓಡಿದ ಪ್ರವಾದಿಯ ಪುಸ್ತಕ. ನಾಲ್ಕೇ ಅಧ್ಯಾಯ, ಒಂದು ಸಂಜೆಗೆ ಮುಗಿಯುತ್ತದೆ ಅಂದುಕೊಂಡರೆ ಮೂರು ವಾರ ಆಯ್ತು. ಬರಲಾಗದವರಿಗೆ ಈ ಟಿಪ್ಪಣಿ.

ಮೊದಲ ಅಧ್ಯಾಯದಲ್ಲೇ ಸಿಕ್ಕಿಬಿದ್ದೆವು. ಬಿರುಗಾಳಿ, ಸಿಟ್ಟಾದ ದೇವರು, ದೊಡ್ಡ ಮೀನು: ನಮಗೆ ನೆನಪಿರುವುದು ಇಷ್ಟೇ. ಗುಂಪಿನಲ್ಲಿದ್ದ, ಬೋಟು ನಡೆಸುವ ತಾಂಡೇಲರೊಬ್ಬರು ಕೇಳಿದರು: "ಅವನನ್ನ ನೀರಿಗೆ ಹಾಕೋ ಮೊದಲು ದಡ ಸೇರಿಸೋಕೆ ಹುಟ್ಟು ಹಾಕಿ ನೋಡಿದ್ರಲ್ಲ, ಅದನ್ನ ಯಾಕೆ ಯಾರೂ ಹೇಳಲ್ಲ?" ನಿಜ, 1:13ರಲ್ಲಿ ಇದೆ. ಅನ್ಯದೇವರ ನಾವಿಕರು ಯೋನನ ಜೀವ ಉಳಿಸಲು ಒದ್ದಾಡುತ್ತಾರೆ. ನಮ್ಮ ತಲೆಯಲ್ಲಿ ಸಿಟ್ಟಿನ ದೇವರು ಕೂತಿದ್ದರಿಂದ ಆ ಸಾಲು ಕಣ್ಣಿಗೇ ಬಿದ್ದಿರಲಿಲ್ಲ.

ಈಗ ಮುಖ್ಯ ವಿಷಯ. ವಿಮೋಚನಕಾಂಡ 34:6-7ರಲ್ಲಿ ದೇವರು ಮೋಶೆಯ ಮುಂದೆ ತನ್ನ ಗುಣವನ್ನು ತಾನೇ ಹೇಳುತ್ತಾನೆ. ಮೊದಲ ಅರ್ಧ ಕನಿಕರ, ದೀರ್ಘಶಾಂತಿ, ಕ್ಷಮೆ. ಉಳಿದರ್ಧ, ಅಪರಾಧಿಯನ್ನು ಸುಮ್ನೆ ಬಿಡುವುದಿಲ್ಲ ಅನ್ನುವುದು. ನಿನೆವೆಯ ಜನ ಪಶ್ಚಾತ್ತಾಪಪಟ್ಟಾಗ ದೇವರು ಶಿಕ್ಷಿಸದೆ ಬಿಡುತ್ತಾನೆ; ಅದಕ್ಕೆ ಸಿಟ್ಟಾದ ಯೋನ 4:2ರಲ್ಲಿ ಮೊದಲ ಅರ್ಧವನ್ನೇ ಎತ್ತಿಕೊಳ್ಳುತ್ತಾನೆ. ಆದರೆ ಸ್ತುತಿಯಾಗಿ ಅಲ್ಲ, ದೂರಾಗಿ! 'ನೀನು ಇಂಥವನು ಅಂತ ಗೊತ್ತಿದ್ದೇ ನಾನು ಓಡಿಹೋದೆ' ಎಂಬ ಧಾಟಿ. ಇನ್ನೊಬ್ಬ ಪ್ರವಾದಿ ನಹೂಮನ ಪುಸ್ತಕದಲ್ಲಿ, 1:3ರಲ್ಲಿ ಅದೇ ಮಾತು ಬರುತ್ತದೆ, ಒತ್ತು ಮಾತ್ರ ಎರಡನೇ ಅರ್ಧದ ಮೇಲೆ. ಇಬ್ಬರೂ ಹೇಳುತ್ತಿರುವುದು ಒಂದೇ ಊರಿನ ಬಗ್ಗೆ: ನಿನೆವೆ, ಈಗಿನ ಇರಾಕಿನ ಮೊಸುಲ್ ಪಕ್ಕದ್ದು. ಇಸ್ರಾಯೇಲಿನ ರಾಜಧಾನಿ ಸಮಾರ್ಯವನ್ನು ಕೆಡವಿದ ಅಶ್ಶೂರರ ಪಟ್ಟಣ. ಕ್ರಿ.ಪೂ. 612ರಲ್ಲಿ ಅದೂ ನೆಲಕಚ್ಚಿತು.

ಈ ಎರಡು ಅರ್ಧಗಳನ್ನು ಒಟ್ಟಿಗೆ ಹಿಡಿಯಲಾಗದೆ ಕತ್ತರಿ ಹಾಕಿದವನು ಮಾರ್ಸಿಯೋನ್. ಎರಡನೇ ಶತಮಾನದ ಕ್ರೈಸ್ತ ಬೋಧಕ, ಕಪ್ಪು ಸಮುದ್ರದ ತೀರದವನು, ಹಡಗಿನ ವ್ಯಾಪಾರಿ. ಯೇಸುವಿನ ತಂದೆ ಬೇರೆ, ಹಳೆಯ ಒಡಂಬಡಿಕೆಯ ದೇವರು ಬೇರೆ ಅಂದ. ಹಳೆಯದನ್ನು ಪೂರ್ತಿ ಬಿಟ್ಟ, ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ತಿದ್ದಿ ಇಟ್ಟುಕೊಂಡ. ಕ್ರಿ.ಶ. 144ರ ಸುಮಾರಿಗೆ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ನಾವು ಕತ್ತರಿ ಹಿಡಿಯುವುದಿಲ್ಲ, ಪುಟ ಮಗುಚುತ್ತೇವೆ ಅಷ್ಟೇ, ಅಲ್ವಾ?

ಕೆಲವೊಮ್ಮೆ ಜಗಳ ಒಂದೇ ಪದದ್ದು. 1 ತಿಮೊಥೆ 2:4: ಎಲ್ಲರೂ ರಕ್ಷಣೆ ಹೊಂದಬೇಕೆಂಬುದು ದೇವರ ಇಷ್ಟ. ದೇವರು ತನಗೆ ಬೇಕಾದವರನ್ನು ಮೊದಲೇ ಆರಿಸಿದ್ದಾನೆಂದು ನಂಬಿದ, 16ನೇ ಶತಮಾನದ ಸಭಾ ಸುಧಾರಕ ಕ್ಯಾಲ್ವಿನ್‌ಗೆ 'ಎಲ್ಲರೂ' ಅಂದರೆ ಎಲ್ಲ ಬಗೆಯ ಜನ. ದೇವರ ಪ್ರೀತಿಗೆ ಬೇಲಿಯಿಲ್ಲ ಎಂದ, ಮೆಥಡಿಸ್ಟ್ ಪಂಥದ ವೆಸ್ಲಿಗೆ ಪ್ರತಿಯೊಬ್ಬ ಮನುಷ್ಯ. ವೆಸ್ಲಿಯ ಓದು ನನಗೆ ಹತ್ತಿರ. ಆದರೆ ಎರಡು ವಚನ ಹಿಂದೆಯೇ ಅರಸರು, ಅಧಿಕಾರಿಗಳ ಮಾತು ಬಂದಿದೆಯಲ್ಲ, ಕ್ಯಾಲ್ವಿನ್ ಸುಮ್ನೆ ಹೇಳಿದ್ದೂ ಅಲ್ಲ.

ಇದರ ಜೊತೆ ಮತ್ತಾಯ 25ರಲ್ಲಿ ಯೇಸು ಹೇಳಿದ ಕಥೆಯ ಮೂರನೇ ಆಳನ್ನೂ ನೋಡಿ: ಧಣಿ ಮೂವರು ಆಳುಗಳಿಗೆ ಹಣ ಒಪ್ಪಿಸಿ ಹೋಗುತ್ತಾನೆ. ಹಿಂತಿರುಗಿದಾಗ ಮೂರನೆಯವನು 'ನೀನು ಕಠಿಣ ಮನುಷ್ಯ ಅಂತ ಗೊತ್ತಿತ್ತು' ಎನ್ನುತ್ತಾನೆ; ಹೆದರಿ ಹಣ ಹೂತಿಟ್ಟಿದ್ದ. ಉಳಿದಿಬ್ಬರು ಆಳುಗಳಿಗೂ ಅದೇ ಧಣಿ, ಅವರು ಹೆದರದೆ ಹಣ ದುಡಿಸಿದರು.

ಮುಂದಿನ ವಾರಕ್ಕೆ ನಹೂಮ ಪೂರ್ತಿ ಓದಿಕೊಂಡು ಬನ್ನಿ, ಮೂರೇ ಅಧ್ಯಾಯ. ಎರಡೂ ಪುಸ್ತಕ ಪ್ರಶ್ನೆಯಲ್ಲೇ ನಿಲ್ಲುತ್ತವೆ. ಯೋನನಲ್ಲಿ ದೇವರ ಪ್ರಶ್ನೆ: ಎಡಬಲ ತಿಳಿಯದ 1,20,000ಕ್ಕಿಂತ ಹೆಚ್ಚು ಜನ, ಜೊತೆಗೆ ಅಷ್ಟೊಂದು ದನಕರು ಇರುವ ಊರಿಗೆ ನಾನು ಮರುಗಬಾರದೇ? ನಹೂಮನಲ್ಲಿ ನಿನೆವೆಗೇ ಪ್ರಶ್ನೆ: ನಿನ್ನ ಕ್ರೌರ್ಯದ ಪೆಟ್ಟು ತಿನ್ನದವರು ಯಾರಿದ್ದಾರೆ?